ರಿಪೋರ್ಟ್ ನಾರ್ಮಲ್, ಆದರೆ ನೋವು ಸುಳ್ಳಲ್ಲ

ಬೀಡಿ ಕಟ್ಟುವ ಮನೆಗಳಲ್ಲಿ ಹೆಂಗಸರ ಸೊಂಟನೋವು, ಕುತ್ತಿಗೆನೋವು ಹೊಸತಲ್ಲ. ಮಡಿಲಲ್ಲಿ ತಡ್ಪೆ ಇಟ್ಟು ತಲೆ ಬಗ್ಗಿಸಿ ಕೂತರೆ ಗಂಟೆಗಟ್ಟಲೆ ಏಳುವುದಿಲ್ಲ. ಹಾಗಾಗಿ ನಮ್ಮ ಮದ್ರಸದ ಒಬ್ಬ ಹುಡುಗನ ಉಮ್ಮನಿಗೆ ಮೈಯೆಲ್ಲ ನೋವು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೀಡಿ ನಿಲ್ಲಿಸಿ ಎರಡು ವರ್ಷ ಆದರೂ ನೋವು ನಿಲ್ಲಲಿಲ್ಲ. ಎಕ್ಸ್‌ರೇ, ರಕ್ತ ಪರೀಕ್ಷೆ, ಕೊನೆಗೆ ಎಂಆರ್‌ಐ ಕೂಡ ಆಯಿತು. ಎಲ್ಲವೂ ನಾರ್ಮಲ್. ಅಂದಿನಿಂದ ಮನೆಯಲ್ಲಿ ಆಕೆಯ ನೋವಿಗೆ ‘ಕೆಲಸ ತಪ್ಪಿಸುವ ನಾಟಕ’ ಎಂದು ಹೆಸರು ಬಿತ್ತು. ನೂಲು ಮಂತ್ರಿಸಿ ಕೊಡಿ ಅಂತ ಬಂದಾಗ ನಾನೂ ‘ಸ್ವಲ್ಪ ಸಬ್ರ್ ಮಾಡಿ’ ಎಂದು ಹೇಳಿ ಕಳಿಸಿದ್ದೆ. ಈಗ ನೆನೆಸಿದರೆ ನಾಚಿಕೆಯಾಗುತ್ತದೆ.

ಆಮೇಲೆ ಸಂಧಿವಾತದ ತಜ್ಞರೊಬ್ಬರು ಅದಕ್ಕೆ ಫೈಬ್ರೊಮಯಾಲ್ಜಿಯ ಎಂದರು. ಮೈಯೆಲ್ಲ ನೋವು, ಎಷ್ಟು ಮಲಗಿದರೂ ಹೋಗದ ಸುಸ್ತು, ಮರೆವು. ಹೆಂಗಸರಲ್ಲಿ ಜಾಸ್ತಿ ಕಾಣುವ ಕಾಯಿಲೆ.

ಗಾಯವಾದಲ್ಲಿ ಕೆಂಪಾಗಿ ಬಾತುಕೊಂಡು ಬಿಸಿಯಾಗುವುದಕ್ಕೆ ಉರಿಯೂತ ಎನ್ನುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ. ಬೆನ್ನುಹುರಿ ಮತ್ತು ಮಿದುಳಿನೊಳಗೂ ಒಂದು ಬಗೆಯ ಉರಿಯೂತ ಉಂಟು. ಅಲ್ಲಿ ಬಾವೂ ಇಲ್ಲ, ಕೀವೂ ಇಲ್ಲ. ನರಕೋಶಗಳನ್ನು ನೋಡಿಕೊಳ್ಳಲು ಗ್ಲಿಯಾ ಎಂಬ ಕೋಶಗಳಿವೆ. ಪೆಟ್ಟೋ ಸೋಂಕೋ ಆದಾಗ ಇವು ಎಚ್ಚೆತ್ತು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಆಗ ಪಕ್ಕದ ನರಕೋಶ ಸಣ್ಣ ಸುದ್ದಿಗೂ ದೊಡ್ಡ ಬೊಬ್ಬೆ ಹಾಕುತ್ತದೆ. ಗಾಯ ಮಾಗಿದ ಮೇಲೆ ಗ್ಲಿಯಾ ಸುಮ್ಮನಾಗಬೇಕು. ಕೆಲವರಲ್ಲಿ ಆಗುವುದೇ ಇಲ್ಲ. ಬಟ್ಟೆ ತಾಗಿದರೂ ನೋವು, ಮಗು ಬಂದು ತಬ್ಬಿದರೂ ನೋವು.

ಇದು ಬರೀ ಊಹೆ ಅಲ್ಲ. 2015ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು ಬಹುಕಾಲದ ಸೊಂಟನೋವಿದ್ದವರ ಮಿದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದಾಗ ಗ್ಲಿಯಾ ಎಚ್ಚೆತ್ತಿರುವ ಗುರುತು ಸಿಕ್ಕಿತು. 2019ರಲ್ಲಿ ಅವರೇ ಸ್ವೀಡನ್ನಿನ ಕರೋಲಿನ್ಸ್ಕ ಸಂಸ್ಥೆಯ ಜೊತೆ ಸೇರಿ ಫೈಬ್ರೊಮಯಾಲ್ಜಿಯದವರಲ್ಲೂ ಅಂಥದ್ದನ್ನೇ ಕಂಡರು. ನನಗೆ ಇನ್ನೂ ಆಶ್ಚರ್ಯವಾದದ್ದು 2021ರ ಪ್ರಯೋಗ. ಈ ಕಾಯಿಲೆಯವರ ರಕ್ತದ ಪ್ರತಿಕಾಯಗಳನ್ನು ತೆಗೆದು ಇಲಿಗಳಿಗೆ ಚುಚ್ಚಿದರು. ಆ ಇಲಿಗಳಿಗೆ ಒತ್ತಿದರೆ, ತಂಪು ತಾಗಿದರೆ ಜಾಸ್ತಿ ನೋವಾಗತೊಡಗಿತು, ಹಿಡಿತ ಸಡಿಲವಾಯಿತು. ಆರೋಗ್ಯವಂತರ ಪ್ರತಿಕಾಯ ಚುಚ್ಚಿದ ಇಲಿಗಳಿಗೆ ಏನೂ ಆಗಲಿಲ್ಲ. ಇಲಿಗೆ ನಾಟಕ ಬರುತ್ತದೆಯೇ?

ಹಾಗೆಂದು ಎಲ್ಲ ಹಳೇ ನೋವಿಗೂ ಇದೊಂದೇ ಕಾರಣ ಎನ್ನುವ ಹಾಗಿಲ್ಲ. ಆ ಪೆಟ್ ಸ್ಕ್ಯಾನ್ ಸಂಶೋಧನೆಗೆ ಮಾತ್ರ, ನಮ್ಮ ಲ್ಯಾಬಿನಲ್ಲಿ ಕೇಳಿದರೆ ಸಿಗದು. ಥೈರಾಯ್ಡ್, ವಿಟಮಿನ್ ಡಿ ಕೊರತೆ, ಸಂಧಿವಾತ ಇವನ್ನು ಮೊದಲು ನೋಡಲೇಬೇಕು. ಮೆಡಿಕಲ್‌ನಿಂದ ಚೀಟಿಯಿಲ್ಲದೆ ತಂದು ನುಂಗುವ ನೋವಿನ ಮಾತ್ರೆ ಇಂಥ ನೋವಿಗೆ ಹೆಚ್ಚು ಹಿಡಿಯುವುದೂ ಇಲ್ಲ. ಹೊಟ್ಟೆ, ಕಿಡ್ನಿ ಹಾಳಾಗುವುದೇ ಲಾಭ. ವೈದ್ಯರು ನರಗಳ ಬೊಬ್ಬೆ ತಗ್ಗಿಸುವ ಬೇರೆ ಔಷಧ ಕೊಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಯುರೋಪಿನ ತಜ್ಞರ ಸಂಘ 2017ರಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವನ್ನು. ಸ್ವಲ್ಪದಿಂದ ಶುರು ಮಾಡಿ ನಿಧಾನಕ್ಕೆ ಏರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ 2022ರಿಂದ ಮೂರು ತಿಂಗಳು ಮೀರಿದ ಇಂಥ ನೋವಿಗೆ ಕಾಯಿಲೆಯೆಂದೇ ಸ್ವಂತ ಜಾಗ ಸಿಕ್ಕಿದೆ.

ಆ ಉಮ್ಮ ಈಗ ಬೆಳಿಗ್ಗೆ ಮಗನನ್ನು ಮದ್ರಸಕ್ಕೆ ಬಿಡುವ ನೆಪದಲ್ಲಿ ಗೇಟಿನವರೆಗೆ ನಡೆಯುತ್ತಾರೆ. ಮೊದಲ ವಾರ ರಸ್ತೆಯ ತಿರುವಿನವರೆಗೆ ಮಾತ್ರ ಆಗಿತ್ತಂತೆ. ನೋವು ಪೂರ್ತಿ ಹೋಗಿಲ್ಲ. ‘ನೋವು ಉಂಟು ಉಸ್ತಾದ್, ಆದರೆ ಈಗ ಮನೆಯಲ್ಲಿ ಯಾರೂ ನಾಟಕ ಅನ್ನುವುದಿಲ್ಲ’ ಅಂತ ಮೊನ್ನೆ ಹೇಳಿದರು. ಬಾವಿಯ ನೀರು ಸೇದುವ ಕೆಲಸ ಗಂಡ ವಹಿಸಿಕೊಂಡಿದ್ದಾರೆ.