ಕಿವುಡರ ಶಾಲೆಗಳಲ್ಲಿ ಅಚ್ಚಿನ ವಿದ್ಯೆ

ಅಚ್ಚುಕೂಟದೊಳಗೆ ಒಂದು ಗಳಿಗೆ ನಿಂತವರಿಗೆ ಅಲ್ಲಿನ ಗದ್ದಲವನ್ನು ಬಣ್ಣಿಸಬೇಕಾದುದಿಲ್ಲ. ಯಂತ್ರವು ಓಡುತ್ತಿರುವಾಗ ಕಿವಿಯುಳ್ಳವರೂ ಕೈಸನ್ನೆಯಿಂದಲೇ ವ್ಯವಹರಿಸಬೇಕಾಗುವುದು. ಇಂತಹ ಸ್ಥಳದಲ್ಲಿ ಕಿವುಡನಿಗೆ ಯಾವ ಕೊರತೆಯೂ ಇಲ್ಲವೆಂಬುದನ್ನು ಅಮೆರಿಕದ ಕಿವುಡರ ಶಾಲೆಗಳು ಬಹು ಹಿಂದೆಯೇ ಮನಗಂಡಿದ್ದುವು.

ಆ ದೇಶದಲ್ಲಿ ಕಿವುಡರಿಗೆಂದು ನೆಲೆನಿಂತ ಮೊದಲ ಶಾಲೆಯು 1817ರಲ್ಲಿ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಆರಂಭವಾಯಿತು. ತರುವಾಯ ಹಲವು ಸಂಸ್ಥಾನಗಳಲ್ಲಿ, ಮಕ್ಕಳು ಅಲ್ಲಿಯೇ ಉಂಡು ಮಲಗಿ ಓದುವ ಶಾಲೆಗಳು ಹುಟ್ಟಿದುವು. ಉತ್ತರ ಕೆರೋಲಿನಾದ ರಾಲೀ ನಗರದ ಶಾಲೆಯು 1849ರಲ್ಲಿ 'ಡೆಫ್ ಮ್ಯೂಟ್' ಎಂಬ ಪತ್ರಿಕೆಯನ್ನು ಹೊರಡಿಸಿತು. ಅದನ್ನು ನೋಡಿ ಇತರ ಶಾಲೆಗಳೂ ಅಚ್ಚುಕೂಟಗಳನ್ನಿರಿಸಿ ತಮ್ಮ ತಮ್ಮ ಪತ್ರಿಕೆಗಳನ್ನು ನಡೆಸಿದುವು. ಇವು ಒಂದು ಶಾಲೆಯಿಂದ ಇನ್ನೊಂದಕ್ಕೆ ವಿನಿಮಯವಾಗಿ ಹೋಗುತ್ತಿದ್ದುದರಿಂದ ಜನರು ಇವನ್ನು 'ಚಿಕ್ಕ ಪತ್ರಿಕೆಗಳ ಕುಟುಂಬ'ವೆಂದೇ ಕರೆದರು. ನ್ಯೂ ಜರ್ಸಿಯ ಶಾಲೆಯಿಂದ 1888ರಿಂದ 1929ರವರೆಗೆ ಹೊರಟ 'ಸೈಲೆಂಟ್ ವರ್ಕರ್' ಪತ್ರಿಕೆಗೆ ದೇಶದ ನಾನಾ ಭಾಗಗಳಲ್ಲಿ ಕಿವುಡ ವಾಚಕರಿದ್ದರು.

ಇದರಲ್ಲಿ ಹೊಟ್ಟೆಪಾಡಿನ ಮಾತೊಂದೇ ಇರಲಿಲ್ಲ. ಇಂಗ್ಲಿಷನ್ನು ಕಿವಿಯಿಂದ ಎಂದೂ ಕೇಳದ ಬಾಲಕನಿಗೆ ಆ ಭಾಷೆಯು ಕಣ್ಣಿನಿಂದಲೇ ಒಳಹೋಗಬೇಕು. ಮೊಳೆಗಳನ್ನು ಒಂದೊಂದಾಗಿ ಎತ್ತಿ ಜೋಡಿಸುವವನು ತಿರುಗುಮುರುಗಾದ ಅಕ್ಷರಗಳಲ್ಲಿ ಒಂದು ಶಬ್ದವನ್ನೂ ಹಾರಿಸಿ ಓದಲಾರನು. ಸಂಪಾದಕನ ಕಣ್ತಪ್ಪಿದುದನ್ನು ಮೊಳೆ ಜೋಡಿಸುವವನು ಹಿಡಿದುಕೊಡುತ್ತಿದ್ದ ಕಾಲವನ್ನು ನಾವೂ ಕಂಡಿದ್ದೇವೆ. ಆ ಉಪಕಾರವನ್ನು ಒಪ್ಪಿಕೊಳ್ಳುವ ಸಂಪಾದಕರು ವಿರಳ!

1880ರಲ್ಲಿ ಮಿಲಾನ್ ನಗರದಲ್ಲಿ ಕೂಡಿದ ಶಿಕ್ಷಕರ ಸಮ್ಮೇಳನವು, ಕಿವುಡರಿಗೆ ತುಟಿಮಾತಿನಿಂದಲೇ ಕಲಿಸಬೇಕೆಂದು ತೀರ್ಮಾನಿಸಿತು. ಕಿವಿಯುಳ್ಳವರು ಕಿವಿಯಿಲ್ಲದವರ ಪರವಾಗಿ ಮಾಡಿದ ತೀರ್ಪಿದು. ಅಮೆರಿಕದಲ್ಲಿಯೂ ಎಷ್ಟೋ ತರಗತಿಗಳಿಂದ ಸನ್ನೆಯು ಹೊರಬಿದ್ದಿತು. ಕಿವುಡ ಉಪಾಧ್ಯಾಯರು ಪಾಠದ ಕೊಠಡಿಗಳನ್ನು ಬಿಟ್ಟು ಕಸುಬಿನ ಶಾಲೆಗಳಿಗೆ ಸರಿಯಬೇಕಾಯಿತು. ಅವಮಾನವೇ ಸರಿ. ಆದರೆ ಅಲ್ಲಿ ಹುಡುಗನಿಗೆ ತನ್ನಂತೆಯೇ ಕಿವುಡನಾದ ಗುರುವೂ, ತನ್ನ ಭಾಷೆಯೂ ದೊರೆತುವು. ಹುಡುಗಿಯರಿಗೆ ಬಹುಮಟ್ಟಿಗೆ ಹೊಲಿಗೆಯೇ ಗತಿಯಾಗಿದ್ದುದನ್ನು ಮಾತ್ರ ಮರೆಯಲಾಗದು.

ಹೀಗೆ ಕಲಿತವರು ದೊಡ್ಡ ದಿನಪತ್ರಿಕೆಗಳಲ್ಲಿ ಸಂಘದ ಸದಸ್ಯರಾಗಿ, ಇತರರಿಗೆ ಸಮನಾದ ಸಂಬಳ ಪಡೆದರು. 'ವಾಷಿಂಗ್‌ಟನ್ ಪೋಸ್ಟ್' ಪತ್ರಿಕೆಯಲ್ಲಿ ಅನೇಕ ಕಿವುಡ ಮುದ್ರಕರು ದುಡಿದರು. ಅವರೊಡನೆ ಕೆಲಸ ಮಾಡಲು ಕಿವಿಯುಳ್ಳ ಜೊತೆಗಾರರೂ ಸನ್ನೆಯನ್ನು ಕಲಿತರು.

1970ರ ದಶಕದಲ್ಲಿ ಛಾಯಾಕ್ಷರ ಜೋಡಣೆಯೂ ಗಣಕಯಂತ್ರವೂ ಬಂದು ಸೀಸದ ಮೊಳೆಯನ್ನು ಹೊರದೂಡಿದುವು. 'ನ್ಯೂಯಾರ್ಕ್ ಟೈಮ್ಸ್' 1978ರ ಜುಲೈಯಲ್ಲಿ ಸೀಸದಚ್ಚಿಗೆ ವಿದಾಯ ಹೇಳಿತು. ಶಾಲೆಗಳು ಹೊಸ ಕಸುಬುಗಳನ್ನು ತಂದಿರಿಸಿದುವು; ಆದರೆ ಓದೂ ಕೂಲಿಯೂ ಬಳಗವೂ ಒಂದೇ ಕೊಠಡಿಯಲ್ಲಿ ಕೂಡಿದ್ದ ಅಂತಹ ಇನ್ನೊಂದು ಕಸುಬು ಅವುಗಳಿಗೆ ಸುಲಭವಾಗಿ ದೊರೆಯಲಿಲ್ಲ.