ಗ್ರಾಮ ಸಂಘಗಳ ಸಲಹೆಗಾರರು: ಮೈರಾಡ ಸಂಸ್ಥೆಯ ಕೆಲಸದಿಂದ ಗ್ರಾಮಮುಖಂಡರು ತಿಳಿಯತಕ್ಕ ವಿಷಯಗಳು

(ಲೇಖಕರು: ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ., ಲಕ್ಷ್ಮೀಪುರಂ, ಮೈಸೂರು)

ನಮ್ಮ ಗ್ರಾಮಗಳಲ್ಲಿ ಸಂಘಗಳಿಗೆ ಕೊರತೆಯಿಲ್ಲ. ಹಾಲು ಉತ್ಪಾದಕರ ಸಂಘ, ಸಾಲದ ಸಹಕಾರ ಸಂಘ, ಸ್ತ್ರೀಯರ ಸ್ವಸಹಾಯ ಸಂಘ, ಕೆರೆಯ ನೀರು ಬಳಸುವವರ ಸಂಘ, ದೇವಾಲಯದ ಜೀರ್ಣೋದ್ಧಾರ ಸಮಿತಿ ಎಂದು ಎಣಿಸುತ್ತ ಹೋದರೆ ಬೆರಳುಗಳು ಸಾಲವು. ಆದರೆ ಇವುಗಳಲ್ಲಿ ಹಲವು ಮೊದಲನೆಯ ವರ್ಷ ಉತ್ಸಾಹದಿಂದ ನಡೆದು, ಎರಡನೆಯ ವರ್ಷ ಕುಂಟಿ, ಮೂರನೆಯ ವರ್ಷ ಹೆಸರುಹಲಗೆಯಲ್ಲಿ ಮಾತ್ರ ಉಳಿಯುವುವು. ಕಾರಣವೇನೆಂದು ವಿಚಾರಿಸಿದರೆ ಹಣವಿಲ್ಲವೆಂಬ ಉತ್ತರವೇ ಸಾಮಾನ್ಯವಾಗಿ ಬರುವುದು. ಸ್ವಲ್ಪ ಆಳಕ್ಕಿಳಿದು ನೋಡಿದರೆ ಹಣಕ್ಕಿಂತ ಮೊದಲು ಬೇರೆ ಮೂರು ಪದಾರ್ಥಗಳು ಅಲ್ಲಿ ತೀರಿಹೋಗಿರುವುದು ಕಂಡುಬರುವುದು. ಸರಿಯಾದ ಲೆಕ್ಕ, ಎಲ್ಲರೂ ಒಪ್ಪಿದ ನಿಯಮ, ಸದಸ್ಯರಲ್ಲಿ ಪರಸ್ಪರ ನಂಬಿಕೆ, ಇವೇ ಆ ಮೂರು.

ನಗರದ ಜನರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಮೈಸೂರಿನ ಲಕ್ಷ್ಮೀಪುರಂ ಬಡಾವಣೆಯಲ್ಲಿ ನಾಲ್ಕು ಜನರು ಸೇರಿ ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಬೇಕೆಂದರೆ, ನಿಯಮಾವಳಿಯನ್ನು ಬರೆದುಕೊಡುವ ವಕೀಲರೂ ಲೆಕ್ಕ ಪರಿಶೋಧಿಸುವವರೂ ಸಮೀಪದಲ್ಲಿಯೇ ದೊರೆಯುವರು. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯವರಿಗೆ ಇಂತಹ ಸಲಹೆಯನ್ನು ಯಾರು ಕೊಡಬೇಕು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಕೆಲವರು ತಮ್ಮ ಜೀವಮಾನದ ಕೆಲಸದಿಂದ ಉತ್ತರವನ್ನು ಕೊಟ್ಟಿರುವರು. ಅವರ ಪೈಕಿ ಮುಖ್ಯವಾಗಿ ಮೈರಾಡ ಸಂಸ್ಥೆಯವರ ವಿಚಾರವನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಪೂರ್ವಚರಿತ್ರೆ

ಸಂಘಶಕ್ತಿಯು ನಮಗೆ ಹೊಸದಲ್ಲ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ವ್ಯವಸಾಯಗಾರರ ಸಾಲದ ಸಹಕಾರ ಸಂಘವು ಹುಟ್ಟಿತು. ಇದು ಭಾರತದಲ್ಲಿಯೇ ಮೊದಲನೆಯ ಸಾಲಿಗೆ ಸೇರಿದ ಸಂಘವೆಂದು ಹೆಸರಾಗಿದೆ. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ಸಹಕಾರ ಸಂಘಗಳ ಕಾನೂನು ಬಂದಿತು. ಒಬ್ಬ ಗ್ರಾಮಮುಖಂಡನು ಮನಸ್ಸು ಮಾಡಿದರೆ ಎಂತಹ ಕೆಲಸವಾದೀತೆಂಬುದಕ್ಕೆ ಕಣಗಿನಹಾಳವು ನಿದರ್ಶನವು. ಮುಖಂಡನು ಮನಸ್ಸು ಕೆಡಿಸಿಕೊಂಡರೆ ಏನಾದೀತೆಂಬುದಕ್ಕೆ ನಿದರ್ಶನಗಳನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ.

ಮೈರಾಡವು 1968ರಲ್ಲಿ ಸ್ಥಾಪಿತವಾಯಿತು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಇದನ್ನು ಸ್ಥಾಪಿಸಿದವರಲ್ಲಿ ವಿಲಿಯಂ ಡೇವಿನ್‌ಸನ್ ಎಂಬವರು ಪ್ರಮುಖರು. ತಮ್ಮ ದೇಶವನ್ನು ಬಿಟ್ಟು ಬಂದ ಟಿಬೆಟ್ಟಿನ ನಿರಾಶ್ರಿತರಿಗೆ ನಮ್ಮ ರಾಜ್ಯದಲ್ಲಿ ನೆಲೆಯನ್ನು ಕಲ್ಪಿಸುವುದೇ ಆಗ ಅದರ ಕೆಲಸವಾಗಿದ್ದಿತು. ಆ ಕಾರ್ಯವು ಮುಗಿಯುತ್ತ ಬಂದಂತೆ, 1980ರ ಸುಮಾರಿಗೆ ಸಂಸ್ಥೆಯು ಗ್ರಾಮಾಂತರದ ಬಡಜನರ ಕಡೆಗೆ ತಿರುಗಿತು. 1982ರಲ್ಲಿ ಅಲೋಶಿಯಸ್ ಪ್ರಕಾಶ್ ಫರ್ನಾಂಡಿಸ್ ಅವರು ಅದರ ಕಾರ್ಯನಿರ್ವಾಹಕ ನಿರ್ದೇಶಕರಾದರು. ಮುಂದೆ ಬಹುಕಾಲ ಅವರು ಈ ಕೆಲಸವನ್ನು ನಡೆಸಿದರು. 2000ದಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು.

ಒಡೆದ ಸಂಘದಿಂದ ಕಲಿತ ಪಾಠ

1980ರ ದಶಕದ ಮೊದಲ ವರ್ಷಗಳಲ್ಲಿ ಮೈರಾಡವು ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತು. ಅವು ನಿಲ್ಲಲಿಲ್ಲ. ಒಬ್ಬಿಬ್ಬರು ಬಲಿಷ್ಠರು ಆಡಳಿತವನ್ನೆಲ್ಲ ಕೈಯಲ್ಲಿ ಹಿಡಿದುದರಿಂದ ಉಳಿದವರಿಗೆ ನಂಬಿಕೆ ತಪ್ಪಿತು, ಸಾಲಗಳು ತೀರುವಳಿಯಾಗದೆ ನಿಂತುವು. 1984-85ರಲ್ಲಿ ಸಂಸ್ಥೆಯ ನೌಕರರು ಹಳ್ಳಿಗಳಿಗೆ ಹೋಗಿ ಕೇಳಿದಾಗ, ಜನರು ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು ಒಂದು ಮಾತನ್ನು ಸ್ಪಷ್ಟವಾಗಿ ತಿಳಿಸಿದರು. ದೊಡ್ಡ ಸಂಘಕ್ಕೆ ತಾವು ಹಣವನ್ನು ಹಿಂದಿರುಗಿಸುವುದಿಲ್ಲ, ಆದರೆ ತಾವೇ ಆರಿಸಿಕೊಂಡ ತಮ್ಮ ಚಿಕ್ಕ ಗುಂಪಿಗೆ ತಪ್ಪದೆ ಕಟ್ಟುವೆವು ಎಂಬುದೇ ಆ ಮಾತು.

ಬೇರೆಯವರಾಗಿದ್ದರೆ ಇದನ್ನು ಹಠವೆಂದು ತಿಳಿದು ವಸೂಲಿಗೆ ಹೊರಡುತ್ತಿದ್ದರು. ಮೈರಾಡದವರು ಇದರಲ್ಲಿದ್ದ ವಿವೇಕವನ್ನು ಗುರುತಿಸಿದರು. ಒಬ್ಬರನ್ನೊಬ್ಬರು ಬಲ್ಲ, ಒಂದೇ ಬಗೆಯ ಜೀವನವುಳ್ಳ 15ರಿಂದ 20 ಜನರು ತಾವಾಗಿ ಕೂಡಿದರೆ, ಸಾಲದ ಭದ್ರತೆಗೆ ಬೇರೆ ಜಾಮೀನು ಬೇಡ. ನೆರೆಯವನ ಮುಖಲಜ್ಜೆಯೇ ಜಾಮೀನು. ಈ ಕಾರಣದಿಂದ ಅವರು ಇಂತಹ ಗುಂಪುಗಳನ್ನು ಬಾಂಧವ್ಯದ ಸಂಘಗಳೆಂದು ಭಾವಿಸಿ, ಹೊರಗಿನವರು ಸದಸ್ಯರನ್ನು ಆರಿಸಬಾರದೆಂದು ನಿಯಮವಿಟ್ಟುಕೊಂಡರು. 20ಕ್ಕಿಂತ ಹೆಚ್ಚು ಜನರು ಕೂಡಿ ಲಾಭದ ವ್ಯವಹಾರ ನಡೆಸಿದರೆ ನೋಂದಣಿಯಾಗಬೇಕೆಂದು 1956ರ ಕಂಪೆನಿ ಕಾನೂನಿನಲ್ಲಿದ್ದುದರಿಂದಲೂ ಸದಸ್ಯಸಂಖ್ಯೆಯು ಆ ಮಿತಿಯೊಳಗೇ ಉಳಿಯಿತು.

1987ರಲ್ಲಿ ನಬಾರ್ಡ್ ಎಂಬ ರಾಷ್ಟ್ರೀಯ ವ್ಯವಸಾಯ ಮತ್ತು ಗ್ರಾಮಾಭಿವೃದ್ಧಿ ಬ್ಯಾಂಕು ಮೈರಾಡಕ್ಕೆ 10 ಲಕ್ಷ ರೂಪಾಯಿಗಳನ್ನು ಪ್ರಯೋಗಾರ್ಥವಾಗಿ ಕೊಟ್ಟಿತು. ಸಂಘದವರು ಎಷ್ಟು ಉಳಿತಾಯ ಮಾಡಿರುವರೋ ಅದಕ್ಕೆ ಸಮನಾಗಿ ಈ ಹಣದಿಂದ ಅವರ ನಿಧಿಗೆ ಸೇರಿಸುವುದೇ ಏರ್ಪಾಡು. ಪ್ರಯೋಗವು ಫಲಕಾರಿಯಾಯಿತು. 1991ರಲ್ಲಿ ರಿಜರ್ವ್ ಬ್ಯಾಂಕು ಇಂತಹ ಸಂಘಗಳಿಗೆ ಸಾಲ ಕೊಡಬಹುದೆಂದು ಬ್ಯಾಂಕುಗಳಿಗೆ ತಿಳಿಸಿತು. 1992ರಲ್ಲಿ ನಬಾರ್ಡು 500 ಸಂಘಗಳ ಗುರಿಯಿಟ್ಟು ದೇಶದಲ್ಲೆಲ್ಲ ಈ ಕ್ರಮವನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳೂ ಇದೇ ಮಾರ್ಗದಲ್ಲಿ ನಡೆದಂತಹವು. ಇಂದು ದೇಶದಲ್ಲಿ ಇಂತಹ ಸಂಘಗಳನ್ನು ಲಕ್ಷಗಳಲ್ಲಿ ಎಣಿಸಬೇಕಾಗಿದೆ.

ಸಲಹೆಗಾರರು ಮಾಡುವ ಕೆಲಸ

ಈ ಸಲಹೆಗಾರರು ಹಣ ಹಂಚುವವರಲ್ಲ. ವಾರವಾರವೂ ಗೊತ್ತಾದ ದಿನ, ಗೊತ್ತಾದ ಸ್ಥಳದಲ್ಲಿ ಸಭೆ ಸೇರುವುದು, ಹಾಜರಿಯನ್ನು ಬರೆಯುವುದು, ಉಳಿತಾಯವನ್ನು ಎಲ್ಲರ ಮುಂದೆ ಎಣಿಸುವುದು, ಸಾಲ ಯಾರಿಗೆ ಏತಕ್ಕೆ ಎಂದು ಚರ್ಚಿಸಿ ನಿರ್ಣಯಿಸುವುದು, ತಪ್ಪಿದವರಿಗೆ ದಂಡ ವಿಧಿಸುವುದು, ಇವನ್ನು ಕಲಿಸುವುದೇ ಅವರ ಕೆಲಸವು. ಸಭಾನಡಾವಳಿಯ ಪುಸ್ತಕ, ನಗದು ಪುಸ್ತಕ, ಉಳಿತಾಯದ ಖಾತೆ, ಸಾಲದ ಖಾತೆ, ಸದಸ್ಯರ ಪಾಸುಪುಸ್ತಕ ಇವಿಷ್ಟಿದ್ದರೆ ಸಾಕು. ಓದುಬರಹ ಬಾರದವರ ಸಂಘದಲ್ಲಿ ಲೆಕ್ಕ ಬರೆಯಲು ಹಳ್ಳಿಯ ಒಬ್ಬ ಯುವಕನನ್ನೋ ಯುವತಿಯನ್ನೋ ಗೊತ್ತುಮಾಡಿ, ಬರೆದುದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸುವುದು ವಾಡಿಕೆಯಾಗಿದೆ.

ಈ ಶಿಸ್ತಿನ ಫಲವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 20 ಜನರು ವಾರಕ್ಕೆ ತಲಾ 20 ರೂಪಾಯಿಗಳಂತೆ ಉಳಿಸಿದರೆಂದು ಭಾವಿಸೋಣ. ವಾರಕ್ಕೆ 400 ರೂಪಾಯಿ. 52 ವಾರಗಳಿಗೆ 20,800 ರೂಪಾಯಿ. ಇದರಲ್ಲಿ ಒಬ್ಬ ಸದಸ್ಯೆಯು ಬಿತ್ತನೆ ಬೀಜಕ್ಕಾಗಿ 5,000 ರೂಪಾಯಿಗಳನ್ನು ತಿಂಗಳಿಗೆ ನೂರಕ್ಕೆ 2ರಂತೆ ಪಡೆದರೆ, ತಿಂಗಳಿಗೆ 100 ರೂಪಾಯಿ ಬಡ್ಡಿಯಾಗುವುದು. ದರವು ಅಗ್ಗವಲ್ಲವೆಂದು ತೋರಬಹುದು. ಆದರೆ ಆ 100 ರೂಪಾಯಿ ಸಾಹುಕಾರನ ಪೆಟ್ಟಿಗೆಗೆ ಹೋಗದೆ, ಆಕೆಯೂ ಪಾಲುಗಾರಳಾಗಿರುವ ನಿಧಿಗೇ ಮರಳಿ ಸೇರುವುದು. ಮೃಗಶಿರಾ ಮಳೆ ಬಿದ್ದ ದಿನವೇ ಬೀಜವು ಕೈಗೆ ಸಿಕ್ಕುವುದು ಇನ್ನೊಂದು ಲಾಭ. ಹದ ತಪ್ಪಿದ ಬಿತ್ತನೆಯ ನಷ್ಟವನ್ನು ವ್ಯವಸಾಯಗಾರರಿಗೆ ವಿವರಿಸಬೇಕಾದುದಿಲ್ಲ.

ಭೂಮಿಯ ಕೆಲಸಕ್ಕೂ ಇದೇ ತತ್ತ್ವವನ್ನು ಅನ್ವಯಿಸಿದುದುಂಟು. 1980ರ ದಶಕದ ಮಧ್ಯದಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ (ಈಗ ಕಲಬುರಗಿ) ರಾಜ್ಯ ಸರ್ಕಾರ, ಸ್ವಿಟ್ಜರ್ಲೆಂಡಿನ ಸಹಾಯ ಸಂಸ್ಥೆ, ಮೈರಾಡ ಈ ಮೂವರೂ ಸೇರಿ ಜಲಾನಯನದ ಕೆಲಸವನ್ನು ಕೈಗೊಂಡರು. ಬದು ಯಾರ ಹೊಲದಲ್ಲಿ ಎಲ್ಲಿ ಬೀಳಬೇಕೆಂಬುದನ್ನು ಆ ಕಿರು ಜಲಾನಯನದ ರೈತರ ಗುಂಪಿನೊಡನೆ ಕುಳಿತು ಗೊತ್ತುಮಾಡುವ ಪದ್ಧತಿಯು ಅಲ್ಲಿ ಬೆಳೆಯಿತು. ಮೇಲಿನ ಹೊಲದವನು ನೀರನ್ನು ತಡೆಯದಿದ್ದರೆ ಕೆಳಗಿನವನ ಮಣ್ಣು ಉಳಿಯದು; ಆದುದರಿಂದ ಇಬ್ಬರೂ ಒಂದೇ ಸಭೆಯಲ್ಲಿ ಕೂಡಬೇಕಾದುದು ಅನಿವಾರ್ಯವು.

ಸಲಹೆಗಾರನು ಹಿಂದೆ ಸರಿಯುವುದು

ಕೈಹಿಡಿದು ನಡೆಸುವವನು ಕೈ ಬಿಡುವ ದಿನವನ್ನೂ ಮೊದಲೇ ಯೋಚಿಸಿರಬೇಕು. ಈ ಉದ್ದೇಶದಿಂದ ಮೈರಾಡವು 2000ದ ನಂತರದ ವರ್ಷಗಳಲ್ಲಿ ಸಮುದಾಯದವರೇ ನಡೆಸುವ ಸಂಪನ್ಮೂಲ ಕೇಂದ್ರಗಳನ್ನು ಸ್ಥಾಪಿಸಲು ನೆರವಾಯಿತು. ಸುಮಾರು ನೂರು ಸಂಘಗಳಿಗೆ ಒಂದರಂತೆ ಇರುವ ಇಂತಹ ಕೇಂದ್ರವನ್ನು ಸಂಘಗಳ ಪ್ರತಿನಿಧಿಗಳ ಸಮಿತಿಯೇ ಆಳುವುದು. ಲೆಕ್ಕಪರಿಶೋಧನೆ, ತರಬೇತಿ, ಬ್ಯಾಂಕಿನೊಡನೆ ವ್ಯವಹಾರ, ಸರ್ಕಾರದ ಯೋಜನೆಗಳ ತಿಳಿವಳಿಕೆ ಮುಂತಾದ ಸೇವೆಗಳಿಗೆ ಸಂಘಗಳು ಶುಲ್ಕವನ್ನು ಕೊಡುವುವು. ಶುಲ್ಕ ಕೊಟ್ಟವನಿಗೆ ಕೆಲಸ ಸರಿಯಿಲ್ಲವೆಂದು ಹೇಳುವ ಅಧಿಕಾರವಿರುವುದು. ಬಿಟ್ಟಿಯಾಗಿ ಪಡೆದವನಿಗೆ ಬಾಯಿ ಬರುವುದಿಲ್ಲ. ಧರ್ಮಕ್ಕೆ ಬಂದ ಎತ್ತಿನ ಹಲ್ಲನ್ನು ಎಣಿಸಬಾರದೆಂಬ ಗಾದೆಯು ಸಂಘದ ಲೆಕ್ಕಕ್ಕೆ ಸಲ್ಲದು.

ಮೈಸೂರಿನ ಪಕ್ಕದಲ್ಲಿಯೇ ಇನ್ನೊಂದು ಉದಾಹರಣೆಯಿದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರೂ ಅವರ ಸ್ನೇಹಿತರೂ ಸ್ವಾಮಿ ವಿವೇಕಾನಂದ ಯುವ ಆಂದೋಲನವನ್ನು ಸ್ಥಾಪಿಸಿ, ಹೆಗ್ಗಡದೇವನಕೋಟೆಯ ಕಾಡುಜನರ ನಡುವೆ ವೈದ್ಯ ಮತ್ತು ವಿದ್ಯಾಭ್ಯಾಸದ ಕೆಲಸಕ್ಕೆ ತೊಡಗಿದರು. ಅವರ ಪ್ರಯತ್ನದಿಂದಲೇ 2011ರಲ್ಲಿ ಮೈಸೂರಿನಲ್ಲಿ ಗ್ರಾಮ್ ಎಂಬ ಸಂಸ್ಥೆ ಹುಟ್ಟಿತು. ಸರ್ಕಾರದ ಮತ್ತು ಧರ್ಮಸಂಸ್ಥೆಗಳ ಯೋಜನೆಗಳು ಹಳ್ಳಿಯಲ್ಲಿ ಎಷ್ಟರಮಟ್ಟಿಗೆ ಫಲಿಸಿದುವೆಂದು ಪರಿಶೀಲಿಸಿ ಸಲಹೆ ಹೇಳುವುದು ಅದರ ಉದ್ಯೋಗ. ಹಳ್ಳಿಯಲ್ಲಿ ಬಹುಕಾಲ ದುಡಿದವರೇ ಸಲಹೆ ಹೇಳಹೊರಟರೆ ಆ ಸಲಹೆಗೆ ಮಣ್ಣಿನ ವಾಸನೆಯಿರುವುದು.

ಮುಖಂಡರಿಗೂ ಭೂಮಾಲೀಕರಿಗೂ ವಿಜ್ಞಾಪನೆ

ಇನ್ನು ಒಂದು ಮಾತನ್ನು ಮರೆಮಾಚದೆ ಹೇಳಬೇಕಾಗಿದೆ. ಕೂಲಿಯವರ ಮನೆಯ ಹೆಂಗಸರು ಸಂಘ ಕಟ್ಟಿದರೆ ತಮ್ಮ ಬಳಿಗೆ ಸಾಲಕ್ಕೆ ಬರುವವರು ಕಡಿಮೆಯಾಗುವರೆಂದೂ, ಮುಂಗಡ ಹಣದ ಹಂಗಿಲ್ಲದವರು ಕರೆದ ದಿನ ಕೆಲಸಕ್ಕೆ ಬಾರರೆಂದೂ ಕೆಲವು ಭೂಮಾಲೀಕರಿಗೆ ಅಸಮಾಧಾನವಿರುವುದನ್ನು ನಾನು ಸಂಚಾರಕಾಲದಲ್ಲಿ ಕೇಳಿರುವೆನು. ಈ ಭಯವು ಪೂರ್ಣ ಸುಳ್ಳೆಂದು ಹೇಳಲಾರೆನು. ಹಂಗಿನಲ್ಲಿರುವವನು ಅಗ್ಗದ ಕೂಲಿಗೆ ಬರುವನು, ನಿಜ. ಆದರೆ ಸಾಲ ಹೆಚ್ಚಾದ ದಿನ ಅವನೇ ಮನೆಗೆ ಬೀಗ ಹಾಕಿ ಪಟ್ಟಣಕ್ಕೆ ಹೊರಡುವನು. ಮುಂಗಡವೂ ಹೋಯಿತು, ನಾಟಿಯ ಆಳೂ ಹೋಯಿತು. ಊರಿನಲ್ಲಿ ಒಂದು ಕುರಿ, ಒಂದು ಹಸು, ಸ್ವಲ್ಪ ಉಳಿತಾಯವುಳ್ಳವನು ಊರನ್ನು ಬಿಟ್ಟು ಹೋಗುವುದು ವಿರಳ.

ಆದುದರಿಂದ ಈ ಕೆಳಗಿನ ಅಂಶಗಳನ್ನು ಮುಖಂಡರು ಗಮನಿಸಬೇಕೆಂದು ಪ್ರಾರ್ಥನೆ.

1. ಬಡವರ ಸಂಘಕ್ಕೆ ತಾವು ಅಧ್ಯಕ್ಷರಾಗಲು ಒಪ್ಪಬಾರದು. ಸಭೆ ಸೇರಲು ಜಗಲಿಯನ್ನೋ ಚಾವಡಿಯನ್ನೋ ಬಿಟ್ಟುಕೊಟ್ಟರೆ ಸಾಕು.

2. ಸಂಘದ ಪುಸ್ತಕಗಳನ್ನೂ ಪೆಟ್ಟಿಗೆಯ ಬೀಗದ ಕೈಯನ್ನೂ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬಾರದು. ನಂಬಿಕಸ್ಥರಾಗಿದ್ದರೂ ಅನುಮಾನಕ್ಕೆ ಎಡೆಯಾಗುವುದು.

3. ಸದಸ್ಯರು ಯಾರಿರಬೇಕೆಂಬುದನ್ನು ಸದಸ್ಯರೇ ನಿರ್ಣಯಿಸಲಿ. ಶಿಫಾರಸಿನಿಂದ ಸೇರಿದವನು ಸಂಘಕ್ಕಿಂತ ಶಿಫಾರಸು ಮಾಡಿದವನಿಗೆ ಹೆಚ್ಚು ನಿಷ್ಠನಾಗಿರುವನು.

4. ಗ್ರಾಮದ ಯಾವುದೇ ಸಮಿತಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ಹೊರಗಿನವರಿಂದ ಪರಿಶೋಧಿಸಿ, ಎಲ್ಲರೂ ಸೇರಿದ ಸಭೆಯಲ್ಲಿ ಓದಿಸಬೇಕು.

5. ಸಲಹೆಗಾರರು ಬಂದರೆ ಮೊದಲ ದಿನವೇ ಕೇಳತಕ್ಕ ಪ್ರಶ್ನೆಯೊಂದುಂಟು: ತಾವು ಹೋದಮೇಲೆ ಈ ಕೆಲಸವನ್ನು ಯಾರು ಮಾಡುವರು? ಇದಕ್ಕೆ ಉತ್ತರವಿಲ್ಲದವರ ಸಲಹೆಯನ್ನು ವಿಚಾರ ಮಾಡಿ ಸ್ವೀಕರಿಸಬೇಕು.

6. ಹಳೆಯ ಸಂಘವು ಒಡೆದಿದ್ದರೆ ಅದನ್ನು ಬಲಾತ್ಕಾರದಿಂದ ಕೂಡಿಸಲು ಯತ್ನಿಸದೆ, ಯಾರು ಯಾರನ್ನು ನಂಬುವರೆಂಬುದನ್ನು ಮೊದಲು ವಿಚಾರಿಸಬೇಕು.

ಒಳ್ಳೆಯ ಬೀಜವನ್ನೂ ಗೊಬ್ಬರವನ್ನೂ ಇಲಾಖೆಯು ಒದಗಿಸಬಹುದು. ಸಾಲವನ್ನು ಬ್ಯಾಂಕು ಕೊಡಬಹುದು. ಲೆಕ್ಕವನ್ನು ಸಲಹೆಗಾರರು ಕಲಿಸಬಹುದು. ನೆರೆಹೊರೆಯವರ ನಂಬಿಕೆಯನ್ನು ಮಾತ್ರ ಹೊರಗಿನಿಂದ ತಂದು ಬಿತ್ತಲಾಗುವುದಿಲ್ಲ. ಅದು ಊರಿನಲ್ಲಿಯೇ ಮೊಳೆಯಬೇಕು. ಅದಕ್ಕೆ ನೆರಳಾಗದೆ ಬೇಲಿಯಾಗಿ ನಿಲ್ಲುವುದೇ ಗ್ರಾಮದ ಹಿರಿಯರಿಗೆ ಒಪ್ಪುವ ಕೆಲಸವು.