ರೆಕ್ಕೆಗೆ ಬಲ ಕೂಡಿಸುವುದು
ಮನೆಯಲ್ಲಿ ಕಟ್ಟಿದ ವಿಮಾನವೊಂದರ ಪಾಠ

ವಿಮಾನವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ವಿಶಾಲವಾದ ಕಾರ್ಖಾನೆಗಳು, ಸಾವಿರಾರು ಕೆಲಸಗಾರರು, ಕೋಟಿಗಟ್ಟಲೆ ರೂಪಾಯಿಗಳ ವೆಚ್ಚ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನವೇ ಮೊದಲಾದ ಕೆಲವು ದೇಶಗಳಲ್ಲಿ ಸಾಮಾನ್ಯ ಗೃಹಸ್ಥನೊಬ್ಬನು ತನ್ನ ಮನೆಯ ಮಗ್ಗುಲಿನ ಮೋಟಾರು ಕೊಟ್ಟಿಗೆಯಲ್ಲಿಯೇ ವಿಮಾನವನ್ನು ಕಟ್ಟಿ ಹಾರಿಸಬಹುದು. ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಲಿಕೆಗಾಗಿ ಅಥವಾ ವಿನೋದಕ್ಕಾಗಿ ಹವ್ಯಾಸಿಗಳೇ ಮಾಡಿದ್ದರೆ, ಅಲ್ಲಿನ ಕಾನೂನು ಅಂಥ ವಿಮಾನವನ್ನು ಪ್ರಾಯೋಗಿಕ ವರ್ಗಕ್ಕೆ ಸೇರಿಸಿ ಹಾರಾಟಕ್ಕೆ ಅನುಮತಿ ಕೊಡುತ್ತದೆ.

ಈ ಸ್ವಾತಂತ್ರ್ಯದ ಜೊತೆಗೆ ದೊಡ್ಡದೊಂದು ಹೊಣೆಯೂ ಬರುತ್ತದೆ. ತಾನು ಕಟ್ಟಿದ ರೆಕ್ಕೆಗೆ ಸಾಕಷ್ಟು ಬಲವಿಲ್ಲವೆಂದು ಮುಂದೊಂದು ದಿನ ತಿಳಿದುಬಂದರೆ ಕಟ್ಟಿದವನು ಏನು ಮಾಡಬೇಕು? 2009ರಲ್ಲಿ ಈ ಪ್ರಶ್ನೆ ನೂರಾರು ಮಂದಿಯ ಮುಂದೆ ಬಂದು ನಿಂತಿತು. ಅವರು ಅದಕ್ಕೆ ಉತ್ತರ ಕಂಡುಕೊಂಡ ಬಗೆಯಲ್ಲಿ ಯಂತ್ರಶಾಸ್ತ್ರದ ಕೆಲವು ಮೂಲತತ್ತ್ವಗಳು ಅಡಗಿವೆ. ನಮ್ಮ ತರುಣ ವಾಚಕರಿಗೆ ಅವನ್ನು ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಆರು ಅಪಘಾತಗಳು

ನಾವು ಹೇಳಹೊರಟಿರುವುದು ಜೋಡಿಯಾಕ್ ಸಿ. ಎಚ್. 601 ಎಕ್ಸ್. ಎಲ್. ಎಂಬ ವಿಮಾನದ ಕಥೆ. ಇದರ ವಿನ್ಯಾಸಕಾರರು ಕ್ರಿಸ್ ಹೈನ್ಟ್ಸ್ ಎಂಬ ಪ್ರಸಿದ್ಧ ಎಂಜಿನಿಯರರು. ಎರಡೇ ಆಸನಗಳುಳ್ಳ ಈ ಪುಟ್ಟ ವಿಮಾನದ ರೆಕ್ಕೆಗಳು ಒಡಲಿನ ಕೆಳಭಾಗಕ್ಕೆ ಜೋಡಿಸಿರುತ್ತವೆ. ಮೈಯೆಲ್ಲ ಅಲ್ಯೂಮಿನಿಯಂ ಮಿಶ್ರಲೋಹದ ತಗಡು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 8.2 ಮೀಟರು. ಪ್ರಯಾಣಿಕರೂ ಇಂಧನವೂ ಸೇರಿ ಗರಿಷ್ಠ ತೂಕ 600 ಕಿಲೋಗ್ರಾಂ. ಬಿಡಿಭಾಗಗಳನ್ನು ಕಂಪನಿಯಿಂದ ತರಿಸಿಕೊಂಡು ಹಲವಾರು ಹವ್ಯಾಸಿಗಳು ಇದನ್ನು ಕಟ್ಟಿದ್ದರು. ಸಿದ್ಧವಿಮಾನವಾಗಿಯೂ ಇದು ಮಾರಾಟವಾಗುತ್ತಿತ್ತು.

2006ರಿಂದ 2009ರ ಮೊದಲ ತಿಂಗಳುಗಳವರೆಗೆ ಅಮೆರಿಕ ಮತ್ತು ಯೂರೋಪುಗಳಲ್ಲಿ ಈ ಮಾದರಿಯ ಆರು ವಿಮಾನಗಳು ಹಾರುತ್ತಿರುವಾಗಲೇ ಮುರಿದುಬಿದ್ದವು. ಹತ್ತು ಮಂದಿ ಪ್ರಾಣ ಕಳೆದುಕೊಂಡರು. 2009ರ ಏಪ್ರಿಲಿನಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ಈ ವಿಮಾನಗಳ ಹಾರಾಟವನ್ನು ನಿಲ್ಲಿಸಬೇಕೆಂದು ಆ ದೇಶದ ಫೆಡರಲ್ ವಿಮಾನಯಾನ ಆಡಳಿತಕ್ಕೆ ಸಲಹೆ ಮಾಡಿತು. ರೆಕ್ಕೆಗಳು ಮುರಿದದ್ದೇಕೆ? ಇದನ್ನು ಅರಿಯಬೇಕಾದರೆ ರೆಕ್ಕೆಯು ಭಾರವನ್ನು ಹೊರುವ ಬಗೆಯನ್ನು ಮೊದಲು ತಿಳಿಯಬೇಕು.

ತೊಲೆಯ ಕೆಲಸ

ರೆಕ್ಕೆಯ ಹೊದಿಕೆಯ ತಗಡು ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಅದರ ಒಳಗೆ ಬುಡದಿಂದ ತುದಿಯವರೆಗೆ ಒಂದು ಮುಖ್ಯ ತೊಲೆಯೂ ಹಿಂಬದಿಯಲ್ಲಿ ಇನ್ನೊಂದು ಚಿಕ್ಕ ತೊಲೆಯೂ ಹಾಯ್ದಿರುತ್ತವೆ. ನಮ್ಮ ಹಳೆಯ ಮನೆಗಳ ಮಾಳಿಗೆಯನ್ನು ತೊಲೆಗಳು ಹೊರುವಂತೆ ಇಲ್ಲಿಯೂ ಮುಖ್ಯ ಭಾರವೆಲ್ಲ ತೊಲೆಯದೇ. ಒಂದು ವ್ಯತ್ಯಾಸವುಂಟು. ಮಾಳಿಗೆಯ ತೊಲೆಯನ್ನು ಭಾರವು ಕೆಳಕ್ಕೆ ಬಾಗಿಸಿದರೆ, ಹಾರುವ ರೆಕ್ಕೆಯನ್ನು ಗಾಳಿಯು ಮೇಲಕ್ಕೆ ಬಾಗಿಸುತ್ತದೆ. ಆದುದರಿಂದ ರೆಕ್ಕೆಯ ತೊಲೆಯ ಮೇಲಂಚು ಒತ್ತಡಕ್ಕೂ ಕೆಳಅಂಚು ಎಳೆತಕ್ಕೂ ಸಿಕ್ಕುತ್ತವೆ.

ಒಂದು ಸ್ಥೂಲವಾದ ಲೆಕ್ಕವನ್ನು ಮಾಡಿ ನೋಡೋಣ. ವಿಮಾನದ 600 ಕಿಲೋಗ್ರಾಂ ತೂಕದಲ್ಲಿ ಒಂದೊಂದು ರೆಕ್ಕೆಯ ಪಾಲಿಗೆ 300 ಕಿಲೋಗ್ರಾಂ ಬರುತ್ತದೆ. ಮೇಲೆತ್ತುವ ಬಲವೆಲ್ಲ ವಿಮಾನದ ನಡುಗೆರೆಯಿಂದ 1.8 ಮೀಟರು ದೂರದ ಒಂದು ಬಿಂದುವಿನಲ್ಲಿ ವರ್ತಿಸುತ್ತದೆಂದೂ ತೊಲೆಯ ಎತ್ತರ 20 ಸೆಂಟಿಮೀಟರೆಂದೂ ಭಾವಿಸೋಣ. ಸನ್ನೆಗೋಲಿನ ನಿಯಮದಂತೆ 300ನ್ನು 1.8ರಿಂದ ಗುಣಿಸಿ 0.2ರಿಂದ ಭಾಗಿಸಿದರೆ 2,700 ದೊರೆಯುತ್ತದೆ. ಎಂದರೆ ವಿಮಾನವು ನೇರವಾಗಿ, ನೆಮ್ಮದಿಯಾಗಿ ಹಾರುತ್ತಿರುವಾಗಲೂ ತೊಲೆಯ ಒಂದೊಂದು ಅಂಚು ಸುಮಾರು 2.7 ಟನ್ನುಗಳ ಬಲವನ್ನು ತಡೆದುಕೊಂಡಿರುತ್ತದೆ!

ವಿಮಾನವು ಯಾವಾಗಲೂ ನೆಮ್ಮದಿಯಾಗಿಯೇ ಹಾರುವುದಿಲ್ಲ. ಎತ್ತರವನ್ನು ಬಿಡದೆ 60 ಅಂಶ ವಾಲಿ ತಿರುಗಿದರೆ ರೆಕ್ಕೆಯ ಮೇಲಿನ ಭಾರ ಎರಡರಷ್ಟಾಗುತ್ತದೆ. ಬಿರುಗಾಳಿಯ ಹೊಡೆತಕ್ಕೆ ಸಿಕ್ಕಿದಾಗ, ಕೆಳಕ್ಕೆ ಎರಗಿ ಸರಕ್ಕನೆ ಮೇಲೆದ್ದಾಗ ಭಾರವು ಇನ್ನೂ ಹೆಚ್ಚುತ್ತದೆ. ಆದಕಾರಣ ಇಂಥ ಹಗುರ ವಿಮಾನಗಳು ತಮ್ಮ ತೂಕದ ನಾಲ್ಕರಷ್ಟನ್ನು ವಿಕಾರಗೊಳ್ಳದೆ ಹೊರಬೇಕೆಂದೂ, ಅದರ ಒಂದೂವರೆ ಪಟ್ಟು, ಎಂದರೆ ಆರರಷ್ಟರವರೆಗೆ ಮುರಿಯದೆ ನಿಲ್ಲಬೇಕೆಂದೂ ನಿಯಮವಿದೆ. ನಮ್ಮ ಲೆಕ್ಕದಂತೆ ಆರರಷ್ಟು ಎಂದರೆ ತೊಲೆಯ ಅಂಚಿನಲ್ಲಿ 16 ಟನ್ನುಗಳಿಗೂ ಮಿಗಿಲಾದ ಬಲ.

ಗಾಳಿ ತೂಗುವ ಉಯ್ಯಾಲೆ

ಭಾರವೊಂದೇ ರೆಕ್ಕೆಯ ಶತ್ರುವಲ್ಲ. ಅದಕ್ಕಿಂತಲೂ ಕಪಟಿಯಾದ ಎರಡನೆಯ ಶತ್ರುವೆಂದರೆ ಕಂಪನ. ಉಯ್ಯಾಲೆಯನ್ನು ಅದರ ಲಯವರಿತು ಮೆಲ್ಲಗೆ ತಳ್ಳುತ್ತಿದ್ದರೆ ಅದು ಎಷ್ಟು ಎತ್ತರಕ್ಕೆ ಹೋಗುವುದೆಂಬುದನ್ನು ಎಲ್ಲರೂ ಬಲ್ಲರು. ರೆಕ್ಕೆಗೂ ತನ್ನದೇ ಆದ ಲಯವುಂಟು. ವಿಮಾನವು ಒಂದು ನಿರ್ದಿಷ್ಟ ವೇಗವನ್ನು ಮೀರಿದಾಗ, ಬೀಸುವ ಗಾಳಿಯೇ ಆ ಲಯಕ್ಕೆ ಸರಿಯಾಗಿ ತಳ್ಳತೊಡಗಬಹುದು. ಆಗ ನಡುಕವು ಕ್ಷಣಕ್ಷಣಕ್ಕೂ ಬೆಳೆದು, ಕೆಲವೇ ಸೆಕೆಂಡುಗಳಲ್ಲಿ ರೆಕ್ಕೆಯನ್ನು ಕಿತ್ತುಹಾಕಬಲ್ಲುದು. ಇದಕ್ಕೆ ಫ್ಲಟರ್ ಎಂದು ಹೆಸರು.

ರೆಕ್ಕೆಯ ಹಿಂದಿನ ಅಂಚಿನಲ್ಲಿ ಬಾಗಿಲಿನಂತೆ ಕೀಲುಗಳ ಮೇಲೆ ತಿರುಗುವ ಐಲೆರಾನ್ ಎಂಬ ಫಲಕವಿರುತ್ತದೆ. ವಿಮಾನವನ್ನು ಪಕ್ಕಕ್ಕೆ ವಾಲಿಸುವುದು ಅದರ ಕೆಲಸ. ಈ ಫಲಕದ ಗುರುತ್ವಕೇಂದ್ರವು ಕೀಲಿನ ಹಿಂದೆ ಇದ್ದರೆ, ರೆಕ್ಕೆಯು ಮೇಲಕ್ಕೆ ಅದುರಿದಾಗ ಫಲಕವು ಜಡತ್ವದಿಂದ ಹಿಂದುಳಿದು ಕೆಳಕ್ಕೆ ಜೋಲುತ್ತದೆ. ಫಲಕ ಕೆಳಕ್ಕಿಳಿದರೆ ರೆಕ್ಕೆಯನ್ನು ಎತ್ತುವ ಬಲ ಹೆಚ್ಚುತ್ತದೆ. ಹೀಗೆ, ಏಳುತ್ತಿರುವ ರೆಕ್ಕೆಗೆ ಇನ್ನೊಂದು ನೂಕು ಸಿಕ್ಕಿದಂತಾಗುತ್ತದೆ. ಇಳಿಯುವಾಗಲೂ ಇದೇ ಕ್ರಿಯೆ ತಿರುವುಮುರುವಾಗಿ ನಡೆಯುತ್ತದೆ.

ಇದಕ್ಕೆ ಪರಿಹಾರವನ್ನು 1920ರ ದಶಕದ ಆರಂಭದಲ್ಲಿಯೇ ನೆದರ್ಲೆಂಡ್ಸಿನ ಫಾನ್ ಬೌಮ್‌ಹೌವರ್ ಮತ್ತು ಕೋನಿಂಗ್ ಎಂಬ ಸಂಶೋಧಕರು ತೋರಿಸಿಕೊಟ್ಟಿದ್ದರು. ಕೀಲಿನ ಮುಂದೆ ಚಿಕ್ಕದೊಂದು ತೂಕವನ್ನು ಕಟ್ಟಿ, ಫಲಕದ ಗುರುತ್ವಕೇಂದ್ರವನ್ನು ಕೀಲಿನ ಗೆರೆಗೆ ತಂದರೆ ಸಾಕು, ಫಲಕವು ಹಿಂದುಳಿಯುವುದು ತಪ್ಪುತ್ತದೆ. ಆದರೆ ಜೋಡಿಯಾಕಿನ ಐಲೆರಾನುಗಳಿಗೆ ಮೊದಲು ಇಂಥ ತೂಕವಿರಲಿಲ್ಲ. ಅವನ್ನು ತಿರುಗಿಸುವ ಉಕ್ಕಿನ ಹುರಿಗಳು ಸರಿಯಾಗಿ ಬಿಗಿದಿದ್ದರೆ ಫ್ಲಟರ್ ಉಂಟಾಗದೆಂಬುದು ವಿನ್ಯಾಸಕಾರರ ಪಕ್ಷದ ವಾದವಾಗಿತ್ತು. ಆದರೆ ಎಲ್ಲ ವಿಮಾನಗಳಲ್ಲಿಯೂ ಎಲ್ಲ ಕಾಲದಲ್ಲಿಯೂ ಹುರಿಗಳು ಬಿಗಿಯಾಗಿಯೇ ಇರುತ್ತವೆಂದು ನಂಬುವುದು ಹೇಗೆ?

ದೋಷ ಎಲ್ಲಿತ್ತು?

ವಿಮಾನಯಾನ ಆಡಳಿತವು ನಡೆಸಿದ ವಿಶೇಷ ಪರಿಶೀಲನೆಯ ವರದಿ 2010ರ ಜನವರಿಯಲ್ಲಿ ಹೊರಬಿತ್ತು. ಇದೇ ಕಾರಣವೆಂದು ಬೆರಳು ಮಾಡಿ ತೋರಿಸಬಹುದಾದ ಒಂದೇ ದೋಷ ಅದಕ್ಕೆ ಸಿಕ್ಕಲಿಲ್ಲ. ಹಲವು ಕೊರತೆಗಳು ಒಟ್ಟುಗೂಡಿರಬಹುದೆಂದು ಅದು ತಿಳಿಸಿತು. 600 ಕಿಲೋಗ್ರಾಂ ತೂಕದ ವಿಮಾನಕ್ಕೆ ನಿಯಮದ ಪ್ರಕಾರ ಹಿಡಿಯಬೇಕಾದುದಕ್ಕಿಂತ ಕಡಿಮೆ ಭಾರಗಳನ್ನು ಹಿಡಿದು ರೆಕ್ಕೆಯ ಲೆಕ್ಕ ಮಾಡಲಾಗಿತ್ತು. ಫ್ಲಟರಿನ ಸಂಶಯ ಉಳಿದಿತ್ತು. ಚಾಲನದಂಡವು ಕೈಗೆ ತೀರ ಹಗುರವಾಗಿ, ಚಾಲಕನು ಅರಿಯದೆಯೇ ರೆಕ್ಕೆಗೆ ಹೆಚ್ಚು ಭಾರ ಕೊಡುವ ಸಂಭವವಿತ್ತು. ವೇಗಮಾಪಕದ ಓದಿನಲ್ಲಿಯೂ ತಪ್ಪುಗಳಿರಬಹುದಾಗಿತ್ತು.

ವರದಿ ಹೊರಬೀಳುವ ಮೊದಲೇ, 2009ರ ನವೆಂಬರಿನಲ್ಲಿ, ತಯಾರಕರು ರೆಕ್ಕೆಯ ಬಲವರ್ಧನೆಯ ನಕ್ಷೆಗಳನ್ನು ಪ್ರಕಟಿಸಿದ್ದರು. ಕಾರ್ಖಾನೆಯಲ್ಲಿ ಸಿದ್ಧವಾದ ವಿಮಾನಗಳಿಗೆ ಇದು ಕಡ್ಡಾಯವಾಯಿತು. ಆದರೆ ಅದಾಗಲೇ ಹಾರುತ್ತಿದ್ದ, ಹವ್ಯಾಸಿಗಳು ಕಟ್ಟಿದ ವಿಮಾನಗಳಿಗೆ ಆಡಳಿತವು ಕೊಟ್ಟದ್ದು ಬಲವಾದ ಸಲಹೆಯೇ ಹೊರತು ಆಜ್ಞೆಯಲ್ಲ. ಮಾಡುವುದೂ ಬಿಡುವುದೂ ಒಡೆಯನ ವಿವೇಚನೆಗೆ ಸೇರಿತ್ತು.

ಕಟ್ಟಿದ್ದನ್ನು ಬಿಚ್ಚಿ ಕಟ್ಟುವುದು

ಬಲ ಕೂಡಿಸುವುದೆಂದರೆ ಕಂಡಕಂಡಲ್ಲಿ ದಪ್ಪ ತಗಡನ್ನು ಬಡಿಯುವುದಲ್ಲ. ಗಾಳಿಯ ಬಲವು ಹೊದಿಕೆಯಿಂದ ತೊಲೆಗೂ, ತೊಲೆಯಿಂದ ಬೋಲ್ಟುಗಳ ಮೂಲಕ ಒಡಲಿನ ಅಡಿಯ ನಡುತೊಲೆಗೂ, ಅಲ್ಲಿಂದ ಇನ್ನೊಂದು ರೆಕ್ಕೆಗೂ ಹರಿಯುತ್ತದೆ. ಇದೊಂದು ಸರಪಳಿ. ಒಂದು ಕೊಂಡಿಯನ್ನು ಮಾತ್ರ ಗಟ್ಟಿ ಮಾಡಿದರೆ ಅದರ ಪಕ್ಕದ ಕೊಂಡಿ ಮುರಿಯುತ್ತದೆ. ಅಲ್ಲದೆ ಬಲಪಡಿಸಿದ ಭಾಗವು ಥಟ್ಟನೆ ಮುಗಿದರೆ ಆ ಜಾಗದಲ್ಲಿಯೇ ಬಲವು ಮಡುಗಟ್ಟಿ ಬಿರುಕಿಗೆ ಎಡೆಯಾಗುತ್ತದೆ. ಆದುದರಿಂದಲೇ ಹೊಸ ನಕ್ಷೆಗಳು ರೆಕ್ಕೆಯ ಮುಖ್ಯ ತೊಲೆ, ಒಡಲಿನ ನಡುತೊಲೆ ಮತ್ತು ಹಿಂದೊಲೆಯ ಜೋಡಣೆ ಈ ಮೂರನ್ನೂ ಒಟ್ಟಿಗೆ ಬಲಪಡಿಸಿದವು. ಐಲೆರಾನುಗಳಿಗೆ ಸಮತೂಕಗಳು ಬಂದವು.

ಕಾಗದದ ಮೇಲೆ ಸುಲಭವಾಗಿ ತೋರುವ ಈ ಕೆಲಸ ಕೈಗೆ ಸುಲಭವಲ್ಲ. ವರ್ಷಗಟ್ಟಲೆ ದುಡಿದು, ಬಣ್ಣ ಬಳಿದು ಮುಗಿಸಿದ ರೆಕ್ಕೆಯನ್ನು ಕಳಚಿ, ಹೊದಿಕೆಯ ರಿವೆಟುಗಳನ್ನು ಒಂದೊಂದಾಗಿ ಕೊರೆದು ತೆಗೆಯಬೇಕು. ಕೊರೆಯುವಾಗ ರಿವೆಟಿನ ತಲೆ ಮಾತ್ರ ಹೋಗಬೇಕು, ತಗಡಿನ ತೂತು ಅಗಲವಾಗಬಾರದು. ಹೊಸ ತೂತುಗಳನ್ನು ಅಂಚಿನಿಂದ ತಕ್ಕಷ್ಟು ಒಳಗೆ, ಸಾಮಾನ್ಯವಾಗಿ ರಿವೆಟಿನ ವ್ಯಾಸದ ಎರಡರಷ್ಟು ದೂರದಲ್ಲಿ, ಕೊರೆಯಬೇಕು. ಅದಕ್ಕಿಂತ ಹತ್ತಿರವಾದರೆ ಲೋಹವು ಅಂಚಿನ ಕಡೆಗೆ ಹರಿದುಹೋಗಬಹುದು. ತೂತಿನ ಸುತ್ತಣ ಮುಳ್ಳುಗಳನ್ನು ನಯಗೊಳಿಸಬೇಕು. ಚಿಕ್ಕದೊಂದು ಗೀರು ಸಹ ಸಾವಿರಾರು ಬಾರಿ ಬಾಗಿ ನಿಮಿರುವ ಲೋಹದಲ್ಲಿ ಬಿರುಕಿನ ಬೀಜವಾಗಬಲ್ಲುದು. ಎರಡು ತಗಡುಗಳ ನಡುವೆ ಲೋಹದ ಚೂರು ಉಳಿಯದಂತೆ ನೋಡಿ, ಸವೆತವನ್ನು ತಡೆಯುವ ಲೇಪವನ್ನು ಹಚ್ಚಬೇಕು.

ಇನ್ನೊಂದು ಸೂಕ್ಷ್ಮವುಂಟು. ಮುಚ್ಚಿದ ರಟ್ಟಿನ ಪೆಟ್ಟಿಗೆಯನ್ನು ತಿರುಚುವುದು ಕಷ್ಟ, ಮುಚ್ಚಳ ತೆರೆದರೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಹೊದಿಕೆ ಬಿಚ್ಚಿದ ರೆಕ್ಕೆಯೂ ಹಾಗೆಯೇ. ಅದನ್ನು ಸಮತಟ್ಟಾದ ಮೇಜಿನ ಮೇಲೆ ಅಳತೆಗೆ ಸರಿಯಾಗಿ ಕೂರಿಸಿಯೇ ಮತ್ತೆ ಹೊದಿಸಬೇಕು. ಇಲ್ಲವಾದರೆ ತಿರುಚು ರೆಕ್ಕೆಯಲ್ಲಿ ಶಾಶ್ವತವಾಗಿ ನಿಂತು, ವಿಮಾನವು ಯಾವಾಗಲೂ ಒಂದು ಕಡೆಗೆ ವಾಲತೊಡಗುತ್ತದೆ.

ಕೆಲಸ ಮುಗಿದ ಮೇಲೆ ವಿಮಾನವನ್ನು ಮತ್ತೆ ತೂಗಿ ಗುರುತ್ವಕೇಂದ್ರವನ್ನು ಹೊಸದಾಗಿ ಲೆಕ್ಕ ಹಾಕುವುದು ಅವಶ್ಯಕ. ಕೂಡಿಸಿದ ಲೋಹದಷ್ಟು ತೂಕ ಹೊರೆಯಲ್ಲಿ ಕಡಿಮೆಯಾಗುತ್ತದೆ. ಬಲಕ್ಕೆ ತೆರುವ ಬೆಲೆ ಅದು. ಹವ್ಯಾಸಿ ವಿಮಾನದ ರಚನೆಯಲ್ಲಿ ಇಂಥ ದೊಡ್ಡ ಬದಲಾವಣೆ ಮಾಡಿದರೆ, ಅಮೆರಿಕದಲ್ಲಿ ಸಾಮಾನ್ಯವಾಗಿ ಕನಿಷ್ಠ ಐದು ಗಂಟೆಗಳ ಕಾಲ ಪ್ರಯಾಣಿಕರಿಲ್ಲದೆ ಪರೀಕ್ಷಾ ಹಾರಾಟ ನಡೆಸಿ ದಾಖಲೆ ಬರೆದಿಡಬೇಕಾಗುತ್ತದೆ.

ತರುಣ ವಾಚಕರು ಇದರಿಂದ ಗ್ರಹಿಸಬೇಕಾದ ವಿಷಯ ಸ್ಪಷ್ಟವಾಗಿದೆ. ವಸ್ತುವಿನ ಬಲವು ಅದರ ದಪ್ಪದಲ್ಲಿ ಮಾತ್ರವಿಲ್ಲ. ಭಾರವು ಹರಿಯುವ ದಾರಿಯಲ್ಲಿ ಎಲ್ಲಿಯೂ ಕಡಿವಿರದಂತೆ ನೋಡಿಕೊಳ್ಳುವುದರಲ್ಲಿದೆ, ಕಂಪನದ ಲಯಕ್ಕೆ ಎಡೆಗೊಡದಿರುವುದರಲ್ಲಿದೆ. ಹಲವು ವರ್ಷ ಸುಖವಾಗಿ ಹಾರಿದ ರೆಕ್ಕೆಯು ಬಲವಾದದ್ದೇ ಇರಬೇಕೆಂದು ಊಹಿಸುವುದು ಸಹಜ. ಆದರೆ ಅಷ್ಟು ವರ್ಷವೂ ಅದಕ್ಕೆ ಪೂರ್ಣಭಾರದ ಪರೀಕ್ಷೆಯೇ ಬಂದಿರಲಾರದು. ಕಾನೂನು ಬಲವಂತ ಮಾಡದಿದ್ದರೂ ತನ್ನ ಕೈಕೆಲಸವನ್ನು ತಾನೇ ಬಿಚ್ಚಿ ಮತ್ತೆ ಕಟ್ಟಿದ ಹವ್ಯಾಸಿಯು ಊಹೆಯನ್ನು ಬಿಟ್ಟು ಲೆಕ್ಕವನ್ನು ನಂಬಿದನು. ಅವನ ಪಕ್ಕದ ಆಸನದಲ್ಲಿ ಕುಳಿತು ಹಾರುವವರಿಗೆ ತೊಲೆಯ ಲೆಕ್ಕ ತಿಳಿದಿರುವುದಿಲ್ಲ. ಅವರ ಪಾಲಿನ ಲೆಕ್ಕವನ್ನೂ ಅವನೇ ಮಾಡಿಡಬೇಕು.